ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ವಿಮಾನಯಾನದ ದೂರ ಮತ್ತು ಕಾಲ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಬದಲಾಗುವುದಿಲ್ಲ. ಅದನ್ನು ಕ್ರಮಿಸಲು ಬೇಕಾದ ಕಾಲ ಬದಲಾಗುತ್ತಲೇ ಇರುತ್ತದೆ. ಹೋಗುವಾಗ ಹಿಡಿದಷ್ಟು ಹೊತ್ತು ಬರುವಾಗ ಹಿಡಿಯುವುದಿಲ್ಲ. ಜನವರಿಯ ಲೆಕ್ಕ ಜುಲೈಗೆ ಹೊಂದುವುದಿಲ್ಲ. ಒಂದು ದೇಶ ತನ್ನ ಆಕಾಶವನ್ನು ಮುಚ್ಚಿದರೆ ನಿನ್ನೆಯ ವೇಳಾಪಟ್ಟಿ ಇಂದು ಉಪಯೋಗಕ್ಕೆ ಬರುವುದಿಲ್ಲ. ದೂರವನ್ನು ಭೂಮಿಯ ಆಕಾರ ನಿರ್ಧರಿಸುತ್ತದೆ. ಕಾಲವನ್ನು ಗಾಳಿ, ಪರ್ವತ, ಎಂಜಿನ್, ರಾಷ್ಟ್ರಗಳ ಗಡಿ ಮತ್ತು ನೆಲದ ಮೇಲಿನ ವ್ಯವಸ್ಥೆ ಸೇರಿ ನಿರ್ಧರಿಸುತ್ತವೆ. ಈ ಉಪನ್ಯಾಸದಲ್ಲಿ ಇದನ್ನು ಎರಡು ಉದಾಹರಣೆಗಳ ಮೂಲಕ ಪರಿಶೀಲಿಸಲಾಗಿದೆ. ಮೊದಲನೆಯದು ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಅತಿ ದೀರ್ಘ ಮಾರ್ಗ, ಎರಡನೆಯದು ಬೆಂಗಳೂರು ಮತ್ತು ಮಂಗಳೂರು ನಡುವಿನ ಅತಿ ಚಿಕ್ಕ ಮಾರ್ಗ.

1. ದೂರವನ್ನು ಅಳೆಯುವ ಬಗೆ

ವಿಮಾನ ನಿಲ್ದಾಣ ಸಾವಿರಾರು ಎಕರೆಗಳಲ್ಲಿ ಹರಡಿರುತ್ತದೆ. ಆದ್ದರಿಂದ ಅಳತೆಗೆ ಒಂದು ಬಿಂದು ಬೇಕು. ಪ್ರತಿ ನಿಲ್ದಾಣಕ್ಕೂ ಅಂಥದೊಂದು ಆಧಾರಬಿಂದುವನ್ನು ಗೊತ್ತುಮಾಡಿ, ಅದರ ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಧಿಕೃತವಾಗಿ ಪ್ರಕಟಿಸಲಾಗುತ್ತದೆ. ಸಾಮಾನ್ಯವಾಗಿ ಅದು ರನ್‌ವೇಗಳ ನಡುಮಧ್ಯದ ಆಸುಪಾಸಿನಲ್ಲಿರುತ್ತದೆ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ.

ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಮಹಾವೃತ್ತದ ಮೇಲೆ ಸಿಗುತ್ತದೆ. ಆ ಎರಡು ಬಿಂದುಗಳನ್ನೂ ಗೋಳದ ಕೇಂದ್ರವನ್ನೂ ಮುಟ್ಟುವಂತೆ ಗೋಳವನ್ನು ಸೀಳಿದರೆ ಮೇಲ್ಮೈ ಮೇಲೆ ಮೂಡುವ ವೃತ್ತವೇ ಮಹಾವೃತ್ತ. ಅದರ ಉದ್ದವನ್ನು ಕಂಡುಹಿಡಿಯಲು ತ್ರಿಕೋನಮಿತಿ ಸಾಕು. ಕ್ರಿ.ಶ. 499ರ ಆರ್ಯಭಟೀಯದಲ್ಲಿ 24 ಅರ್ಧಜ್ಯಾ ವ್ಯತ್ಯಾಸಗಳ ಪಟ್ಟಿ ಇದೆ. ಇಂದಿನ ಶಾಲೆಗಳಲ್ಲಿ ಸೈನ್ ಎಂದು ಕಲಿಸುವುದು ಅರ್ಧಜ್ಯಾವನ್ನೇ. ಗಣಕಯಂತ್ರಗಳು ವಿಮಾನದೂರ ಹೇಳುವಾಗಲೂ ಇದೇ ಗಣಿತವನ್ನು ಬಳಸುತ್ತವೆ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಭೂಕೇಂದ್ರದಲ್ಲಿ ಮಾಡುವ ಕೋನ ಸುಮಾರು 125.8 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡರೆ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಆಗುತ್ತದೆ. ಎರಡನ್ನೂ ಗುಣಿಸಿದರೆ ದೂರ ಸುಮಾರು 14,000 ಕಿ.ಮೀ. ವೈಮಾನಿಕರು ಬಳಸುವ ನಾಟಿಕಲ್ ಮೈಲಿ ಈ ಕೋನದಿಂದಲೇ ಹುಟ್ಟಿದ ಅಳತೆ. ಡಿಗ್ರಿಯ 60ರಲ್ಲಿ ಒಂದು ಭಾಗ, ಅಂದರೆ ಒಂದು ಕಲೆ, ಒಂದು ನಾಟಿಕಲ್ ಮೈಲಿಗೆ ಸಮ. ಅದರ ಇಂದಿನ ಬೆಲೆ 1,852 ಮೀಟರ್. ಹಾಗಾಗಿ 125.8 ಡಿಗ್ರಿಯನ್ನು 60ರಿಂದ ಗುಣಿಸಿದರೆ ಸುಮಾರು 7,550 ನಾಟಿಕಲ್ ಮೈಲಿ ಎಂಬ ಉತ್ತರ ನೇರವಾಗಿ ದೊರೆಯುತ್ತದೆ.

ಭೂಮಿ ಪರಿಪೂರ್ಣ ಗೋಳವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಈ 21 ಕಿ.ಮೀ. ವ್ಯತ್ಯಾಸವನ್ನು ಹಿಡಿಯುವ ಸೂಕ್ಷ್ಮ ಸೂತ್ರಗಳಿವೆ, ನಿಖರ ಕೆಲಸಕ್ಕೆ ಅವನ್ನೇ ಬಳಸಲಾಗುತ್ತದೆ. ಗೋಳವೆಂದು ಭಾವಿಸಿ ಮಾಡಿದ ಲೆಕ್ಕ ಮತ್ತು ಸೂಕ್ಷ್ಮ ಲೆಕ್ಕಗಳ ನಡುವಿನ ಅಂತರ ಶೇಕಡ ಅರ್ಧದಷ್ಟನ್ನು ಮೀರುವುದು ಅಪರೂಪ. ಒಂದೇ ಮಾರ್ಗಕ್ಕೆ ಎರಡು ಕಡೆ ಕೆಲವು ಕಿಲೋಮೀಟರ್ ಹೆಚ್ಚುಕಡಿಮೆ ಕಾಣುವುದಕ್ಕೆ ಇದೇ ಮುಖ್ಯ ಕಾರಣ.

2. ನಕ್ಷೆಯ ಗೆರೆ ಮತ್ತು ಗೋಳದ ಗೆರೆ

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಈ ಎರಡು ಊರುಗಳ ನಡುವೆ ಪೂರ್ವಾಭಿಮುಖವಾಗಿ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ದಾಟಿ ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ನಕ್ಷೆಯಲ್ಲಿ ಇಂಥ ನೇರ ಗೆರೆಗೆ ಒಂದು ಗುಣವಿದೆ. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗಿದರೆ ಹಡಗು ಆ ಗೆರೆಯ ಮೇಲೆಯೇ ಇರುತ್ತದೆ. ನಾವಿಕರಿಗೆ ಅದು ದೊಡ್ಡ ಅನುಕೂಲವಾಯಿತು. ಆದರೆ ಆ ಗೆರೆಯ ಉದ್ದ ಸುಮಾರು 16,100 ಕಿ.ಮೀ. ಮಹಾವೃತ್ತಕ್ಕಿಂತ 2,000 ಕಿ.ಮೀ.ಗೂ ಹೆಚ್ಚು. ವಿಮಾನಕ್ಕೆ ಇದು ಎರಡು ಗಂಟೆಗೂ ಮೀರಿದ ಸುತ್ತು.

ಮಹಾವೃತ್ತದ ದಾರಿ ಬೇರೆಯೇ ಇದೆ. ಅದು ಬೆಂಗಳೂರಿನಿಂದ ಪೂರ್ವಕ್ಕೆ ಹೊರಡುವುದಿಲ್ಲ. ನೇರ ಉತ್ತರದಿಂದ ಸುಮಾರು 20 ಡಿಗ್ರಿ ಮಾತ್ರ ಪೂರ್ವಕ್ಕೆ ವಾಲಿ ಹೊರಡುತ್ತದೆ. ತೆಲುಗು ನಾಡು, ಛತ್ತೀಸ್‌ಗಢ, ಗಂಗಾ ಬಯಲುಗಳನ್ನು ದಾಟಿ ನೇಪಾಳದ ನಡುಭಾಗದಲ್ಲಿ ಹಿಮಾಲಯವನ್ನು ಹಾಯುತ್ತದೆ. ಅಲ್ಲಿಂದ ಟಿಬೆಟ್, ಮಂಗೋಲಿಯಾ, ಬೈಕಲ್ ಸರೋವರದ ಪಶ್ಚಿಮ ಪ್ರದೇಶ ಮತ್ತು ಸೈಬೀರಿಯಾ ಸಿಗುತ್ತವೆ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ದಕ್ಷಿಣಕ್ಕೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರ ಹಿಡಿದು ಬಿಗಿಯಾಗಿ ಎಳೆದರೆ ಯಾವ ಸೂತ್ರವೂ ಇಲ್ಲದೆ ಇದೇ ದಾರಿ ಕಾಣುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವಕ್ಕೆ ಸುಮಾರು 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8 ಡಿಗ್ರಿ. ಒಟ್ಟು 129.2 ಡಿಗ್ರಿ, ಅಂದರೆ ಸುಮಾರು 14,360 ಕಿ.ಮೀ. ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ಅತಿ ಹತ್ತಿರದ ದಾರಿಗಿಂತ 400 ಕಿ.ಮೀ.ನಷ್ಟೂ ಹೆಚ್ಚಾಗುವುದಿಲ್ಲ. ಈ ಎರಡು ನಗರಗಳು ಭೂಮಿಯ ಬಹುಮಟ್ಟಿಗೆ ಎದುರುಬದಿರಿನ ರೇಖಾಂಶಗಳಲ್ಲಿ ಇರುವುದೇ ಇದಕ್ಕೆ ಕಾರಣ.

3. ಅತಿ ಹತ್ತಿರದ ದಾರಿಯನ್ನು ಬಿಡಬೇಕಾದ ಕಾರಣಗಳು

ಮಹಾವೃತ್ತ ಲೆಕ್ಕದ ದಾರಿ. ವಿಮಾನ ಅದರ ಮೇಲೆಯೇ ಹಾರುವುದಕ್ಕೆ ಮೂರು ಅಡ್ಡಿಗಳಿವೆ.

ಮೊದಲ ಅಡ್ಡಿ ಪರ್ವತ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್‌ಗಳು ಸುಮಾರು 10,000 ಅಡಿಗೆ, ಅಂದರೆ 3,000 ಮೀಟರ್ ಎತ್ತರಕ್ಕೆ, ಬೇಗ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡಗಳ ಆಮ್ಲಜನಕ ಬಹುತೇಕ ವಿಮಾನಗಳಲ್ಲಿ 12ರಿಂದ 20 ನಿಮಿಷಗಳಷ್ಟೇ ಸಾಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್ ಆಸುಪಾಸು. ಅಲ್ಲಿ ಇಳಿಯಲು ಕೆಳಗೆ ಜಾಗವೇ ಇರುವುದಿಲ್ಲ. ಒಂದು ಎಂಜಿನ್ ಕೆಟ್ಟು ವಿಮಾನ ಕೆಳಗಿನ ಎತ್ತರಕ್ಕೆ ಜಾರಬೇಕಾದಾಗಲೂ ಇದೇ ತೊಂದರೆ. ಆದ್ದರಿಂದ ಸಾಮಾನ್ಯ ಪ್ರಯಾಣಿಕ ವಿಮಾನಗಳು ಟಿಬೆಟನ್ನು ಪೂರ್ವದಿಂದಲೋ ಪಶ್ಚಿಮದಿಂದಲೋ ಬಳಸಿಕೊಂಡು ಹೋಗುತ್ತವೆ.

ಎರಡನೆಯದು ತುರ್ತು ನಿಲ್ದಾಣಗಳ ಅಗತ್ಯ. ಎರಡು ಎಂಜಿನ್‌ಗಳ ವಿಮಾನ ಹಾರುವ ದಾರಿಯುದ್ದಕ್ಕೂ, ಒಂದು ಎಂಜಿನ್ ನಿಂತರೂ ನಿಗದಿತ ಅವಧಿಯೊಳಗೆ ತಲುಪಬಹುದಾದ ನಿಲ್ದಾಣ ಇರಲೇಬೇಕು. ಮೊದಲು ಅಮೆರಿಕದಲ್ಲಿ ಈ ಅವಧಿ 60 ನಿಮಿಷವಿತ್ತು. ಎಂಜಿನ್‌ಗಳ ವಿಶ್ವಾಸಾರ್ಹತೆ ಹೆಚ್ಚಿದಂತೆ 1985ರಲ್ಲಿ 120 ನಿಮಿಷಕ್ಕೂ, 1988ರಲ್ಲಿ 180 ನಿಮಿಷಕ್ಕೂ ಏರಿತು. ಸೈಬೀರಿಯಾ, ಆರ್ಕ್ಟಿಕ್‌ಗಳಲ್ಲಿ ಅಂಥ ನಿಲ್ದಾಣಗಳು ವಿರಳ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ದೋಷದಿಂದ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. ವಿಮಾನ ಸುರಕ್ಷಿತವಾಗಿಯೇ ಇಳಿದರೂ ಬದಲಿ ವಿಮಾನ ಬರುವವರೆಗೆ ಪ್ರಯಾಣಿಕರು ಆ ಪುಟ್ಟ ಊರಿನಲ್ಲಿ ಉಳಿಯಬೇಕಾಯಿತು. ದಾರಿಯಲ್ಲಿ ನಿಲ್ದಾಣವಿದ್ದರೆ ಸಾಲದು, ಅಲ್ಲಿ ನೂರಾರು ಜನರನ್ನು ನೋಡಿಕೊಳ್ಳುವ ಅನುಕೂಲವೂ ಇರಬೇಕೆಂಬುದನ್ನು ಆ ಘಟನೆ ತೋರಿಸಿತು.

ಮೂರನೆಯದು ರಾಷ್ಟ್ರಗಳ ಗಡಿ. 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಸಾರ್ವಭೌಮತ್ವವಿದೆ. ಅನುಮತಿಯಿಲ್ಲದೆ ಯಾವ ನಿಯತ ವಿಮಾನವೂ ಆ ದೇಶವನ್ನು ದಾಟುವಂತಿಲ್ಲ. ದಾಟಿದರೆ ಶುಲ್ಕ ತೆರಬೇಕು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಮುಚ್ಚಿದ್ದುದರಿಂದ ಯುರೋಪಿನಿಂದ ಟೋಕಿಯೊಗೆ ಹೋಗುವ ಅನೇಕ ವಿಮಾನಗಳು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಕೊಂಡು ಮುಂದುವರಿಯುತ್ತಿದ್ದವು. ಆ ಆಕಾಶ ತೆರೆದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 9 ಗಂಟೆ ಸಾಕಾಯಿತು. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದಾಗ ಅದೇ ಪಯಣಕ್ಕೆ ಸುಮಾರು 13 ಗಂಟೆ ಬೇಕಾಯಿತು. ಹೆಲ್ಸಿಂಕಿ ಮತ್ತು ಟೋಕಿಯೊ ಇದ್ದಲ್ಲಿಯೇ ಇದ್ದವು.

ಭಾರತದ ಅನುಭವವೂ ಇದೇ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿದ್ದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಿಕೊಂಡು ಹೋದವು. ದೆಹಲಿ–ಇಸ್ತಾಂಬುಲ್ ನಡುವಿನ ಇಂಡಿಗೋ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ನಿಲ್ಲಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಆ ಆಕಾಶ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು, ಪಯಣದ ಅವಧಿಗಳು ಮತ್ತೆ ಹಿಗ್ಗಿದವು.

4. ವೇಗ ಮತ್ತು ಗಾಳಿ

ಜೆಟ್ ವಿಮಾನದ ವೇಗವನ್ನು ಶಬ್ದದ ವೇಗದ ಭಾಗವಾಗಿ ಹೇಳುವುದು ರೂಢಿ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಉಷ್ಣತೆ ಸರಾಸರಿ ಮೈನಸ್ 56.5 ಡಿಗ್ರಿ ಸೆಲ್ಸಿಯಸ್. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ದೂರಗಾಮಿ ಬೋಯಿಂಗ್ 777 ಅದರ ಶೇ. 84ರಷ್ಟು ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 890 ಕಿ.ಮೀ.ನಲ್ಲಿ, ಸಾಗುತ್ತದೆ. ದೇಶದೊಳಗೆ ಹೆಚ್ಚಾಗಿ ಕಾಣುವ ಏರ್‌ಬಸ್ ಎ320ರ ವೇಗ ಶೇ. 78ರಷ್ಟು, ಗಂಟೆಗೆ ಸುಮಾರು 830 ಕಿ.ಮೀ.

ಈ ವೇಗ ಗಾಳಿಯೊಳಗಿನ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲಿನ ವೇಗ ಬೇರೆಯಾಗುತ್ತದೆ. ಹಿಂದಿನಿಂದ ಬೀಸುವ ಗಾಳಿ ಕೂಡುತ್ತದೆ, ಎದುರುಗಾಳಿ ಕಳೆಯುತ್ತದೆ. ಹೋಗುವಾಗ ಆದ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದುಕೊಳ್ಳುವುದು ತಪ್ಪು. ಗಂಟೆಗೆ 800 ಕಿ.ಮೀ. ವೇಗದ ವಿಮಾನ 1,600 ಕಿ.ಮೀ. ದೂರದ ಊರಿಗೆ ಹೋಗಿ ಬರಲು, ಗಾಳಿ ಇಲ್ಲದಿದ್ದರೆ, ನಾಲ್ಕು ಗಂಟೆ ಬೇಕು. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದ್ದರೆ ಹೋಗಲು 1 ಗಂಟೆ 47 ನಿಮಿಷ, ಬರಲು 2 ಗಂಟೆ 17 ನಿಮಿಷ. ಒಟ್ಟು 4 ಗಂಟೆ 4 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟವೇ ಯಾವಾಗಲೂ ಹೆಚ್ಚು.

ಉತ್ತರಾರ್ಧಗೋಳದಲ್ಲಿ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಪ್ರಬಲ ವಾಯುಪ್ರವಾಹಗಳು ಹರಿಯುತ್ತವೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಒಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಇವನ್ನು ಅಳೆದರು. ಚಳಿಗಾಲದಲ್ಲಿ ಜಪಾನ್ ಮತ್ತು ಅದರ ಪೂರ್ವದ ಪೆಸಿಫಿಕ್ ಮೇಲೆ ಇವುಗಳ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನಕ್ಕೆ ಇದೇ ಗಾಳಿ ನೆರವಾಗುತ್ತದೆ. ಟೋಕಿಯೊ ಮೇಲಿಂದ ಪೆಸಿಫಿಕ್ ದಾಟಿದರೆ ದೂರ ಸುಮಾರು 14,900 ಕಿ.ಮೀ. ಮಹಾವೃತ್ತಕ್ಕಿಂತ 900 ಕಿ.ಮೀ. ಹೆಚ್ಚು. ಗಾಳಿಯಿಲ್ಲದ ಆಕಾಶದಲ್ಲಿ ಮಹಾವೃತ್ತದ ಮೇಲೆ ಹಾರಲು ಸುಮಾರು 15 ಗಂಟೆ 45 ನಿಮಿಷ ಬೇಕು. ಪೆಸಿಫಿಕ್ ದಾರಿಯಲ್ಲಿ ಗಂಟೆಗೆ ಸರಾಸರಿ 80 ಕಿ.ಮೀ. ಹಿಂಗಾಳಿ ಸಿಕ್ಕರೆ 15 ಗಂಟೆ 20 ನಿಮಿಷ ಸಾಕು. ಉದ್ದದ ದಾರಿಯೇ ಬೇಗ ತಲುಪಿಸುತ್ತದೆ. ಚಲಿಸುವ ಗಾಳಿಯಲ್ಲಿ ಅತಿ ಕಡಿಮೆ ಕಾಲದ ದಾರಿ ಯಾವುದೆಂಬ ಪ್ರಶ್ನೆಯನ್ನು ಜರ್ಮನಿಯ ಗಣಿತಜ್ಞ ಅರ್ನ್ಸ್ಟ್ ಜರ್ಮೆಲೊ 1931ರಲ್ಲಿ ಗಣಿತದ ಸಮಸ್ಯೆಯಾಗಿ ಬಿಡಿಸಿದರು. ಇಂದು ವಿಮಾನ ಸಂಸ್ಥೆಗಳು ಪ್ರತಿ ದೀರ್ಘ ಹಾರಾಟಕ್ಕೂ ಮುನ್ನ ಹೊಸ ಹವಾಮಾನ ಮುನ್ಸೂಚನೆ ಇಟ್ಟುಕೊಂಡು ಇದೇ ಸಮಸ್ಯೆಯನ್ನು ಬಿಡಿಸುತ್ತವೆ. ಆದ್ದರಿಂದಲೇ ಸೋಮವಾರದ ದಾರಿ ಮತ್ತು ಮಂಗಳವಾರದ ದಾರಿ ಒಂದೇ ಆಗಿರಬೇಕೆಂದಿಲ್ಲ.

ಹಿಂದಿರುಗುವಾಗ ಪೆಸಿಫಿಕ್ ಗಾಳಿ ಎದುರಾಗುತ್ತದೆ. ಅದನ್ನು ತಪ್ಪಿಸಲು ಉತ್ತರ ಧ್ರುವದ ದಾರಿ ಒದಗುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಧ್ರುವಪ್ರದೇಶವನ್ನು ದಾಟಿ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಬೋಯಿಂಗ್ 777-200 ಎಲ್‌ಆರ್ ಮಾದರಿಯ ಆ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ನಡೆಸಿದರು. ಹಿಡಿದ ಕಾಲ 17 ಗಂಟೆಗೂ ಹೆಚ್ಚು. ಬೆಂಗಳೂರಿನಿಂದ ಪೆಸಿಫಿಕ್ ಮೇಲೆ ಹೋಗುವ ಹಾರಾಟಕ್ಕೆ ಸುಮಾರು 16 ಗಂಟೆ. ಒಂದೇ ಜೋಡಿ ನಿಲ್ದಾಣಗಳು, ಒಂದೇ ವಿಮಾನ. ಆದರೂ ಒಂದು ಗಂಟೆಗೂ ಮೀರಿದ ವ್ಯತ್ಯಾಸ.

ಧ್ರುವದ ದಾರಿಗೆ ಅದರದೇ ಷರತ್ತುಗಳಿವೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಆದ್ದರಿಂದ ಟ್ಯಾಂಕಿನ ಉಷ್ಣತೆಯ ಮೇಲೆ ಸದಾ ಕಣ್ಣಿಡಬೇಕು, ಅಗತ್ಯವಿದ್ದರೆ ಬೆಚ್ಚಗಿನ ಎತ್ತರಕ್ಕೆ ಇಳಿಯಬೇಕು. ಸೂರ್ಯನ ಮೇಲೆ ಬಿರುಗಾಳಿ ಎದ್ದ ದಿನಗಳಲ್ಲಿ ಧ್ರುವದ ಬಳಿ ರೇಡಿಯೊ ಸಂಪರ್ಕ ಕೆಡುತ್ತದೆ, ವಿಕಿರಣವೂ ಹೆಚ್ಚುತ್ತದೆ. ಅಂಥ ದಿನ ದಕ್ಷಿಣದ ದಾರಿ ಹಿಡಿದು ಇನ್ನಷ್ಟು ಹೊತ್ತು ಹಾರಬೇಕಾಗುತ್ತದೆ.

5. ಚಿಕ್ಕ ದೂರದ ಲೆಕ್ಕ: ಬೆಂಗಳೂರು–ಮಂಗಳೂರು

ಬೆಂಗಳೂರು ಮತ್ತು ಮಂಗಳೂರು ನಿಲ್ದಾಣಗಳ ನಡುವಿನ ಮಹಾವೃತ್ತದ ದೂರ ಸುಮಾರು 306 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದು 23 ನಿಮಿಷಗಳ ದಾರಿ. ವೇಳಾಪಟ್ಟಿ ಹೇಳುವುದು ಒಂದು ಗಂಟೆಯ ಆಸುಪಾಸು. ಉಳಿದ ನಿಮಿಷಗಳು ಎಲ್ಲಿ ಹೋಗುತ್ತವೆ ಎಂಬುದನ್ನು ನೋಡಿದರೆ ವೇಳಾಪಟ್ಟಿಯ ಅಂಕಿ ಹೇಗೆ ಹುಟ್ಟುತ್ತದೆಂಬುದು ತಿಳಿಯುತ್ತದೆ.

ವಿಮಾನ ಸಂಸ್ಥೆಗಳು ಲೆಕ್ಕ ಹಿಡಿಯುವುದು ಬ್ಲಾಕ್ ಟೈಮ್ ಅನ್ನು. ನಿಂತ ಜಾಗದಲ್ಲಿ ಚಕ್ರಗಳ ಅಡ್ಡೆ ತೆಗೆದು ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ನಿಂತು ಚಕ್ರಗಳಿಗೆ ಅಡ್ಡೆ ಕೊಡುವ ಕ್ಷಣದವರೆಗಿನ ಕಾಲ ಅದು. ಹಿಂದಕ್ಕೆ ತಳ್ಳಿಸಿಕೊಳ್ಳುವುದು, ಎಂಜಿನ್ ಚಾಲನೆ, ರನ್‌ವೇವರೆಗಿನ ಓಟ, ಸರದಿಗಾಗಿ ಕಾಯುವುದು, ಇಳಿದ ಮೇಲೆ ಗೇಟಿನವರೆಗೆ ಸಾಗುವುದು ಎಲ್ಲವೂ ಅದರೊಳಗೆ ಸೇರುತ್ತವೆ. ಬೆಂಗಳೂರಿನ ಎರಡು ರನ್‌ವೇಗಳೂ ತಲಾ 4,000 ಮೀಟರ್ ಉದ್ದದವು. ಇಷ್ಟು ವಿಶಾಲ ಅಂಗಳದಲ್ಲಿ ನೆಲದ ಮೇಲಿನ ಓಟವೇ ಹತ್ತು ನಿಮಿಷ ಮೀರುವುದುಂಟು.

ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕೆಂಬುದು ವಿಮಾನದ ಮೂಲ ನಿಯಮ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಇರುವಾಗ ವಿಮಾನ ಪಶ್ಚಿಮಕ್ಕೆ ಏರಿ ನೇರವಾಗಿ ಮಂಗಳೂರಿನ ದಿಕ್ಕು ಹಿಡಿಯುತ್ತದೆ. ಚಳಿಗಾಲದ ಮೂಡಗಾಳಿಯಲ್ಲಿ ಪೂರ್ವಕ್ಕೆ ಏರಿ ತಿರುಗಿ ಬರಬೇಕು. ಈ ತಿರುವಿಗೂ ಕೆಲವು ನಿಮಿಷಗಳು ಹೋಗುತ್ತವೆ.

ಏರಿದ ಮೇಲೂ ಪೂರ್ಣ ವೇಗ ಕೂಡಲೇ ಬರುವುದಿಲ್ಲ. ಸಾಮಾನ್ಯವಾಗಿ 10,000 ಅಡಿಯ ಕೆಳಗೆ ವೇಗದ ಮಿತಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ರೂಢಿಯ ಲೆಕ್ಕ. 24,000 ಅಡಿಯಿಂದ ಇಳಿಯಲು 72 ನಾಟಿಕಲ್ ಮೈಲಿ, ಅಂದರೆ 133 ಕಿ.ಮೀ. ಬೇಕು. 306 ಕಿ.ಮೀ. ಪಯಣದಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಹೆಚ್ಚಿನ ಪಾಲು ಕಳೆದುಹೋಗಿ, ಸಮತಟ್ಟಾಗಿ ಹಾರುವ ಅವಧಿ ಕೆಲವೇ ನಿಮಿಷ ಉಳಿಯುತ್ತದೆ. ಚಿಕ್ಕ ಮಾರ್ಗದಲ್ಲಿ ವಿಮಾನ ಎಷ್ಟು ವೇಗದ್ದು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಗಂಟೆಗೆ 500 ಕಿ.ಮೀ. ವೇಗದ ವಿಮಾನಕ್ಕೂ 800 ಕಿ.ಮೀ. ವೇಗದ್ದಕ್ಕೂ ಇಲ್ಲಿ ಹೆಚ್ಚೆಂದರೆ 14 ನಿಮಿಷಗಳ ಅಂತರ.

ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಆಕಾಶದಲ್ಲೇ ಸುತ್ತುತ್ತ ಕಾಯಬೇಕು, ಇಲ್ಲವೇ ಬೇರೆ ನಿಲ್ದಾಣಕ್ಕೆ ಹೋಗಬೇಕು. ಅದಕ್ಕೆಂದೇ ಪ್ರತಿ ವಿಮಾನವೂ ಪರ್ಯಾಯ ನಿಲ್ದಾಣ ತಲುಪುವಷ್ಟು ಇಂಧನ, ಅದರ ಮೇಲೆ 30 ನಿಮಿಷ ಹಾರುವಷ್ಟು ಕೊನೆಯ ಮೀಸಲು ಹೊತ್ತಿರುತ್ತದೆ. ಇಂಥ ಅನಿಶ್ಚಯಗಳಿಗೆಲ್ಲ ಅವಕಾಶ ಇಟ್ಟುಕೊಂಡೇ ವೇಳಾಪಟ್ಟಿ ತಯಾರಾಗುತ್ತದೆ. ಹಾಗಾಗಿ ತೊಂದರೆಯಿಲ್ಲದ ದಿನಗಳಲ್ಲಿ ವಿಮಾನ ವೇಳೆಗೆ ಮೊದಲೇ ತಲುಪುವುದುಂಟು.

6. ಗಡಿಯಾರದ ಕಾಲ ಮತ್ತು ಪಯಣದ ಕಾಲ

ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಎರಡನ್ನೂ ಕಳೆದರೆ ಪಯಣದ ಅವಧಿ ಸಿಗುವುದಿಲ್ಲ. ಭಾರತದ ಕಾಲಮಾನ ವಿಶ್ವ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದೆ; ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ 8 ಗಂಟೆ, ಬೇಸಿಗೆಯಲ್ಲಿ 7 ಗಂಟೆ ಹಿಂದೆ. ಆದ್ದರಿಂದ ಎರಡೂ ಊರುಗಳ ನಡುವಿನ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ.

ಚಳಿಗಾಲದ ಒಂದು ದಿನ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟ ವಿಮಾನ 16 ಗಂಟೆ ಹಾರಿ, ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತದೆ. ಗಡಿಯಾರದ ಪ್ರಕಾರ ಎರಡೂವರೆ ಗಂಟೆ ಮಾತ್ರ ಕಳೆದಿರುತ್ತದೆ. ಹಿಂದಿರುಗುವಾಗ ರಾತ್ರಿ ಎಂಟೂವರೆಗೆ ಹೊರಟರೆ ಹದಿನೇಳೂವರೆ ಗಂಟೆಯ ಹಾರಾಟ ಮುಗಿಸಿ ಬೆಂಗಳೂರು ತಲುಪುವುದು ಮೂರನೆಯ ದಿನಾಂಕದ ನಸುಕಿನ ಮೂರೂವರೆಗೆ. ಕ್ಯಾಲೆಂಡರ್ ಲೆಕ್ಕದಲ್ಲಿ 31 ಗಂಟೆ. ನಿಜವಾದ ಅವಧಿ ತಿಳಿಯಬೇಕಾದರೆ ಎರಡೂ ವೇಳೆಗಳನ್ನು ಮೊದಲು ವಿಶ್ವ ಕಾಲಮಾನಕ್ಕೆ ತಂದು ಆಮೇಲೆ ಕಳೆಯಬೇಕು. ವಿಮಾನ ಹಾರಾಟದ ದಾಖಲೆಗಳು ಸಾಮಾನ್ಯವಾಗಿ ಆ ಕಾಲಮಾನದಲ್ಲಿ ಇರುವುದಕ್ಕೆ ಇದೇ ಕಾರಣ.

7. ಸಮಾರೋಪ

ದೀರ್ಘ ಮಾರ್ಗದಲ್ಲಿ ಕಾಲವನ್ನು ಗಾಳಿ, ಪರ್ವತ, ಗಡಿಗಳು ನಿರ್ಧರಿಸುತ್ತವೆ. ಚಿಕ್ಕ ಮಾರ್ಗದಲ್ಲಿ ರನ್‌ವೇ, ಸರದಿ, ಏರಿಳಿತಗಳು ನಿರ್ಧರಿಸುತ್ತವೆ. ದೂರವನ್ನು ವೇಗದಿಂದ ಭಾಗಿಸಿ ಬರುವ ಅಂಕಿ ಎರಡು ಕಡೆಯೂ ಆರಂಭದ ಅಂದಾಜು ಮಾತ್ರ. ಆದ್ದರಿಂದ ಎರಡು ನಿಲ್ದಾಣಗಳ ನಡುವಿನ ಪಯಣಕ್ಕೆ ಇಷ್ಟು ಗಂಟೆ ಎಂದು ಹೇಳುವಾಗ ಯಾವ ದಿಕ್ಕಿಗೆ, ಯಾವ ಋತುವಿನಲ್ಲಿ, ಆಕಾಶದಲ್ಲಿ ಕಳೆದ ಕಾಲವೋ ಗೇಟಿನಿಂದ ಗೇಟಿನವರೆಗಿನ ಕಾಲವೋ ಎಂಬುದನ್ನು ಹೇಳಬೇಕು. ಪಠ್ಯಪುಸ್ತಕಗಳಲ್ಲಿ ಮಹಾವೃತ್ತವನ್ನು ಕಲಿಸುವಾಗ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗವನ್ನು ಉದಾಹರಣೆಯಾಗಿ ಕೊಟ್ಟರೆ ಗಣಿತ, ಭೂಗೋಳ, ಹವಾಮಾನ, ಅಂತರರಾಷ್ಟ್ರೀಯ ಕಾನೂನು ನಾಲ್ಕೂ ಒಂದೇ ಪಾಠದಲ್ಲಿ ಮಕ್ಕಳಿಗೆ ದೊರೆಯುತ್ತವೆ. ದೂರವನ್ನು ಒಮ್ಮೆ ಲೆಕ್ಕ ಹಾಕಿದರೆ ಸಾಕು. ಕಾಲವನ್ನು ಪ್ರತಿ ಹಾರಾಟಕ್ಕೂ ಹೊಸದಾಗಿ ಲೆಕ್ಕ ಹಾಕಬೇಕು.